‘ಮೈಕೈ ನೋವಿಗೆ ಒಂದು ಡೋಸ್ ಕೊಡಿ’: ಮೆಡಿಕಲ್ ಶಾಪಿನ ಕೌಂಟರ್ ಕಲಿಸಿದ ಹನ್ನೊಂದು ಪಾಠಗಳು

ತಿಪಟೂರು ಸೀಮೆಯಲ್ಲಿ ಬೆಳಿಗ್ಗೆ ಏಳೂವರೆಗೆ ಮೆಡಿಕಲ್ ಶಾಪಿನ ಷಟರ್ ಎತ್ತಿದರೆ ಮೊದಲು ಬರುವವರು ಕಾಯಿ ಕೆಲಸದವರು. ಮರ ಹತ್ತುವವರಿಗೆ ಭುಜ, ಕಾಯಿ ಸುಲಿಯುವವರಿಗೆ ಮಣಿಕಟ್ಟು, ಅಟ್ಟದಿಂದ ಕೊಬ್ಬರಿ ಇಳಿಸಿ ಮೂಟೆ ಹೊರುವವರಿಗೆ ಸೊಂಟ. ಯಾರೂ ಕಾಯಿಲೆಯ ಹೆಸರು ಹೇಳುವುದಿಲ್ಲ. ‘ಅಣ್ಣಾ, ಮೈಕೈ ನೋವಿಗೆ ಒಂದು ಡೋಸ್ ಕೊಡಿ’ ಅಷ್ಟೇ. ಇಪ್ಪತ್ತರ ನೋಟು ಗಾಜಿನ ಮೇಲಿಟ್ಟು, ನಿಂತಲ್ಲೇ ನುಂಗಿ, ಕೂಜದ ನೀರು ಕುಡಿದು ಹೊರಟುಬಿಡುತ್ತಾರೆ.

ಡಿ.ಫಾರ್ಮ ಮುಗಿಸಿ ಈ ಕೌಂಟರಿನ ಹಿಂದೆ ನಿಂತು ಇಪ್ಪತ್ತೇಳು ವರ್ಷವಾಯಿತು. ಯಾವ ನೋವಿಗೆ ಯಾವ ಮಾತ್ರೆ ಎಂಬುದನ್ನು ಕಾಲೇಜಿನಲ್ಲೇ ಕಲಿತಿದ್ದೆ. ಯಾರ ಹೊಟ್ಟೆಗೆ ಯಾವ ಮಾತ್ರೆ ಎಂಬುದನ್ನು ಕಲಿಸಿದವರು ಗಿರಾಕಿಗಳು. ಕೆಲವರು ಆ ಪಾಠಕ್ಕೆ ತಮ್ಮ ಮೈಯಿಂದಲೇ ಫೀಸು ಕಟ್ಟಿದ್ದಾರೆ. ಅವರ ಋಣಕ್ಕೆ ಇದನ್ನು ಬರೆಯುತ್ತಿದ್ದೇನೆ.

1. ಮಾತ್ರೆಗೆ ಕೈ ಹಾಕುವ ಮೊದಲು ಮೂರು ಪ್ರಶ್ನೆ

ಅಂಗಡಿ ಇಟ್ಟ ಎರಡನೇ ವರ್ಷ. ಪಕ್ಕದ ಹಳ್ಳಿಯ ಯಜಮಾನರೊಬ್ಬರಿಗೆ ಮಂಡಿನೋವು. ಡೈಕ್ಲೋಫೆನಾಕ್ 50 ಮಿಲಿಗ್ರಾಂ, ಬೆಳಿಗ್ಗೆ ಒಂದು ರಾತ್ರಿ ಒಂದು. ‘ಇದು ಚೆನ್ನಾಗಿ ಹಿಡೀತು ಕಣಪ್ಪ’ ಎಂದು ವಾರ ವಾರ ಬಂದರು. ನಾನೂ ವಾರ ವಾರ ಕೊಟ್ಟೆ. ಎರಡು ತಿಂಗಳಾದ ಮೇಲೆ ಅವರ ಮಗ ಬಂದು, ಅಪ್ಪನ ಕಾಲು ಊದಿದೆ, ಮೂತ್ರ ಕಡಿಮೆಯಾಗಿದೆ, ಕಿಡ್ನಿಗೆ ತೊಂದರೆ ಎಂದು ಆಸ್ಪತ್ರೆಯಲ್ಲಿ ಹೇಳಿದರು ಎಂದ. ಅವರಿಗೆ ಬಿಪಿ ಮಾತ್ರೆಯ ಜೊತೆ ಮೂತ್ರ ಹೋಗಿಸುವ ‘ನೀರಿನ ಮಾತ್ರೆ’ಯೂ ನಡೆಯುತ್ತಿತ್ತು. ಕೆಲವು ಬಗೆಯ ಬಿಪಿ ಮಾತ್ರೆ, ನೀರಿನ ಮಾತ್ರೆ, ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆ, ಈ ಮೂರೂ ಸೇರಿದರೆ ಕಿಡ್ನಿಗೆ ಹೋಗುವ ರಕ್ತ ಕಡಿಮೆಯಾಗುತ್ತದೆ. ನಾನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ. ನೋವಿನ ಮಾತ್ರೆ ಬಿಟ್ಟ ಮೇಲೆ ಸುಧಾರಿಸಿದರು. ಆದರೆ ಅವತ್ತು ಆ ಹುಡುಗ ಜಗಳ ಆಡದೆ, ‘ನಿಮಗೆ ಗೊತ್ತಿರಲಿಲ್ವಾ ಸಾರ್?’ ಎಂದು ಕೇಳಿದ ರೀತಿ ಇನ್ನೂ ಚುಚ್ಚುತ್ತದೆ.

ಡೈಕ್ಲೋಫೆನಾಕ್ ಶೀಟಿನ ಮೇಲೆ ಕೆಂಪು ಗೆರೆ ಇರುತ್ತದೆ. ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ ಎಂದು ಅದರ ಅರ್ಥ. ಆ ನಿಯಮ ಇರುವುದು ಇನ್‌ಸ್ಪೆಕ್ಟರಿಗೆ ಹೆದರಲಿಕ್ಕಲ್ಲ ಎಂಬುದು ನನಗೆ ಅರ್ಥವಾದದ್ದು ಆ ದಿನ. ಅಂದಿನಿಂದ ಪ್ಯಾರಸಿಟಮಾಲ್ ಕೇಳಿದರೂ ಮೂರು ಪ್ರಶ್ನೆ ಕೇಳುತ್ತೇನೆ: ನೋವು ಯಾರಿಗೆ? ಎಷ್ಟು ದಿನದಿಂದ? ದಿನಾ ನುಂಗುವ ಮಾತ್ರೆ ಯಾವುದಾದರೂ ಇದೆಯಾ?

2. ನೋವಿನ ಮಾತ್ರೆಯಲ್ಲಿ ಎರಡು ಕುಲ

ಜನರ ಬಾಯಲ್ಲಿ ಎಲ್ಲವೂ ‘ಪೇನ್ ಕಿಲ್ಲರ್’. ನಮ್ಮ ಕಪಾಟಿನಲ್ಲಿ ಮಾತ್ರ ಎರಡು ಕುಲ. ಪ್ಯಾರಸಿಟಮಾಲ್‌ನದು ಒಂಟಿ ಮನೆ. ಜ್ವರ ಇಳಿಸುತ್ತದೆ, ತಲೆನೋವು ಮೈನೋವು ತಗ್ಗಿಸುತ್ತದೆ, ಹೊಟ್ಟೆ ಸುಡುವುದಿಲ್ಲ. ಊತ ಇಳಿಸುವ ಶಕ್ತಿ ಅದಕ್ಕಿಲ್ಲ. ಸೊಂಟನೋವಿಗೆ ಅದೊಂದೇ ಸಾಲುವುದೂ ಇಲ್ಲ.

ಇನ್ನೊಂದು ದೊಡ್ಡ ಕುಟುಂಬ: ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ನ್ಯಾಪ್ರೊಕ್ಸೆನ್, ಮೆಫೆನಾಮಿಕ್ ಆಸಿಡ್. ಉಳುಕು, ಹಲ್ಲುನೋವು, ಊದಿದ ಗಂಟು, ಮುಟ್ಟಿನ ನೋವು ಇವುಗಳಿಗೆ ಇವು ಚೆನ್ನಾಗಿ ಕೆಲಸ ಮಾಡುತ್ತವೆ. ಇವರ ಹಿರಿಯಣ್ಣ ಆಸ್ಪಿರಿನ್ 1899ರಲ್ಲೇ ಜರ್ಮನಿಯ ಬೇಯರ್ ಕಂಪನಿಯಿಂದ ಮಾರುಕಟ್ಟೆಗೆ ಬಂತು. ಆದರೆ ಅದು ದೇಹದೊಳಗೆ ಏನು ಮಾಡುತ್ತದೆ ಎಂಬುದನ್ನು ಬ್ರಿಟನ್ನಿನ ಜಾನ್ ವೇನ್ ತೋರಿಸಿಕೊಟ್ಟದ್ದು 1971ರಲ್ಲಿ. ಅಂದರೆ ಎಪ್ಪತ್ತು ವರ್ಷ ಜಗತ್ತು ಅದನ್ನು ಗುಟ್ಟು ಗೊತ್ತಿಲ್ಲದೆಯೇ ನುಂಗಿತು. ವೇನ್ ಅವರಿಗೆ 1982ರ ನೊಬೆಲ್ ಬಹುಮಾನದಲ್ಲಿ ಪಾಲು ಸಿಕ್ಕಿತು.

ಗುಟ್ಟು ಇಷ್ಟು. ಪೆಟ್ಟು ಬಿದ್ದ ಜಾಗದಲ್ಲಿ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳು ತಯಾರಾಗಿ ನೋವನ್ನೂ ಊತವನ್ನೂ ಹೆಚ್ಚಿಸುತ್ತವೆ. ಈ ಮಾತ್ರೆಗಳು ಆ ತಯಾರಿಕೆಯನ್ನೇ ತಡೆಯುತ್ತವೆ. ಆದರೆ ಅವೇ ರಾಸಾಯನಿಕಗಳು ಜಠರದ ಒಳಪದರವನ್ನು ಕಾಯುತ್ತವೆ, ಕಿಡ್ನಿಗೆ ರಕ್ತ ಹರಿಯುವಂತೆ ನೋಡಿಕೊಳ್ಳುತ್ತವೆ. ಮಂಡಿಯಲ್ಲಿ ನಿಲ್ಲಿಸಿದರೆ ಹೊಟ್ಟೆಯಲ್ಲೂ ನಿಂತಿತು. ಕಳೆ ಕೀಳಲು ಹೋದ ಗುದ್ದಲಿ ತೆಂಗಿನ ಬೇರಿಗೂ ತಗುಲಿದ ಹಾಗೆ.

3. ‘ಊಟ ಮಾಡಿ ನುಂಗಿದ್ದೀನಲ್ಲ’ ಎಂದರೆ ಸಾಲದು

ಊಟದ ಮೇಲೆ ನುಂಗಿದರೆ ಹೊಟ್ಟೆ ಉರಿ ಕಡಿಮೆಯಾದೀತು. ಹುಣ್ಣಾಗುವುದಿಲ್ಲ ಎಂಬ ಗ್ಯಾರಂಟಿ ಇಲ್ಲ. ಮಾತ್ರೆ ಜಠರದ ಗೋಡೆಗೆ ತಾಗಿಯೇ ಹುಣ್ಣಾಗಬೇಕೆಂದಿಲ್ಲ. ರಕ್ತದ ಮೂಲಕ ಬಂದ ಔಷಧವೂ ಕಾವಲು ತೆಗೆಯುತ್ತದೆ. ಹಾಗಾಗಿ ‘ಮಾತ್ರೆ ಹೊಟ್ಟೆಗೆ ಆಗಲ್ಲ, ಸೂಜಿ ಹಾಕಿಸ್ಕೋತೀನಿ’ ಎನ್ನುವವರ ಲೆಕ್ಕಾಚಾರವೂ ತಪ್ಪು.

ಅರವತ್ತು ದಾಟಿದವರು, ಹಿಂದೆ ಹುಣ್ಣಾಗಿದ್ದವರು, ರಕ್ತ ತೆಳುವಾಗುವ ಮಾತ್ರೆ ಅಥವಾ ಸ್ಟೀರಾಯ್ಡ್ ನುಂಗುವವರು, ಹೆಂಡ ಬಿಡದವರು, ಇವರಿಗೆ ಅಪಾಯ ಹೆಚ್ಚು. ಅವರನ್ನು ನಾನು ಡಾಕ್ಟರ ಬಳಿಗೇ ಕಳಿಸುತ್ತೇನೆ. ಜೊತೆಗೆ ಪ್ಯಾಂಟೊಪ್ರಜೋಲ್ ಬರೆದುಕೊಟ್ಟಿದ್ದರೆ ಅದನ್ನು ತಿಂಡಿಗೆ ಅರ್ಧ ಗಂಟೆ ಮೊದಲು ನುಂಗಿ ಎಂದು ಎರಡು ಸಲ ಹೇಳುತ್ತೇನೆ. ಮುಜುಗರ ಬಿಟ್ಟು ಇನ್ನೊಂದು ಮಾತನ್ನೂ ಹೇಳುತ್ತೇನೆ: ಮಲ ಟಾರಿನ ಹಾಗೆ ಕಪ್ಪಗೆ ಹೋದರೆ ‘ಬಿಸಿ ಆಗಿದೆ’ ಎಂದು ಎಳನೀರು ಕುಡಿದು ಸುಮ್ಮನಿರಬೇಡಿ. ಅದು ಒಳಗೆ ರಕ್ತ ಹೋಗುತ್ತಿರುವ ಗುರುತಿರಬಹುದು.

4. ಹೆಸರು ಮೂರು, ಔಷಧ ಒಂದೇ

ಒಬ್ಬ ಮೇಷ್ಟ್ರಿಗೆ ಸೊಂಟನೋವು, ಅದರ ಮೇಲೆ ಶೀತ ಜ್ವರ. ಜ್ವರಕ್ಕೆ ಡೋಲೊ 650 ದಿನಕ್ಕೆ ಮೂರು. ಸೊಂಟಕ್ಕೆ ಅಸೆಕ್ಲೋಫೆನಾಕ್ ಇರುವ ಮಾತ್ರೆ ಎರಡು. ಶೀತಕ್ಕೆ ಇನ್ನೊಂದು ಕಂಪನಿಯದು ಮೂರು. ಅವರ ಲೆಕ್ಕದಲ್ಲಿ ಮೂರು ತೊಂದರೆಗೆ ಮೂರು ಔಷಧಿ. ಶೀಟುಗಳನ್ನು ತಿರುಗಿಸಿ, ಸಣ್ಣಕ್ಷರದ ಸಾಲನ್ನು ಅವರ ಕನ್ನಡಕದಲ್ಲೇ ಓದಿಸಿದೆ. ಮೂರರಲ್ಲೂ ಪ್ಯಾರಸಿಟಮಾಲ್! 650 ಮೂರು ಸಲ ಅಂದರೆ 1950. ಸೊಂಟದ ಮಾತ್ರೆಯಲ್ಲಿ 325, ಎರಡು ಸಲಕ್ಕೆ 650. ಶೀತದ್ದರಲ್ಲಿ 500, ಮೂರು ಸಲಕ್ಕೆ 1500. ಕೂಡಿದರೆ 4100 ಮಿಲಿಗ್ರಾಂ. ಆರೋಗ್ಯವಂತ ದೊಡ್ಡವರಿಗೆ ದಿನದ ಗರಿಷ್ಠ ಮಿತಿಯೇ 4000. ಕುಡಿಯುವವರಿಗೆ, ಲಿವರ್ ತೊಂದರೆ ಇರುವವರಿಗೆ, ಸೊರಗಿದವರಿಗೆ ಅದಕ್ಕಿಂತಲೂ ಕಡಿಮೆ.

ಪ್ಯಾರಸಿಟಮಾಲ್ ಸಾಧು ಮಾತ್ರೆ, ಮಿತಿ ದಾಟುವವರೆಗೆ. ದಾಟಿದರೆ ಏಟು ಬೀಳುವುದು ಲಿವರಿಗೆ. ಮೋಸ ಏನೆಂದರೆ ಮೊದಲ ದಿನ ಹೆಚ್ಚೇನೂ ಕಾಣುವುದಿಲ್ಲ: ಸ್ವಲ್ಪ ವಾಕರಿಕೆ, ಸುಸ್ತು. ಕಾಮಾಲೆ ಕಾಣುವ ಹೊತ್ತಿಗೆ ಹಾನಿ ನಡೆದುಹೋಗಿರುತ್ತದೆ. ಇದಕ್ಕೆ ಎನ್-ಅಸಿಟೈಲ್‌ಸಿಸ್ಟೀನ್ ಎಂಬ ಪ್ರತಿವಿಷ ಇದೆ. ಆದರೆ ಮೊದಲ ಎಂಟು ಗಂಟೆಯೊಳಗೆ ಕೊಟ್ಟರೆ ಅದರ ಫಲ ಹೆಚ್ಚು. ಹೆಚ್ಚಾಗಿ ನುಂಗಿದ್ದು ಗೊತ್ತಾದ ಕೂಡಲೇ ಆಸ್ಪತ್ರೆಗೆ ಓಡಬೇಕು, ಲಕ್ಷಣ ಕಾಯುತ್ತಾ ಕೂರಬಾರದು.

5. ಶೀಟನ್ನು ಹೆಸರಿರುವ ತುದಿಯಿಂದ ಕತ್ತರಿಸಬಾರದು

ಒಬ್ಬ ಅಜ್ಜಿ ಎಲೆಅಡಿಕೆ ಚೀಲ ಬಿಚ್ಚಿ ಕೌಂಟರಿನ ಮೇಲೆ ಸುರಿದಳು. ಬಟ್ಟಲಡಿಕೆ ಚೂರು, ಸುಣ್ಣದ ಡಬ್ಬಿ, ನಡುವೆ ಬೇರೆ ಬೇರೆ ಊರಿನಲ್ಲಿ ಕೊಂಡ ಏಳು ತುಂಡು ಶೀಟುಗಳು. ಒಂದರ ಮೇಲೂ ಪೂರ್ತಿ ಹೆಸರಿಲ್ಲ. ಒಂದರ ಮೇಲೆ ‘ಫೆನಾಕ್’ ಎಂಬ ಬಾಲ ಮಾತ್ರ ಉಳಿದಿತ್ತು. ‘ಇದ್ರಲ್ಲಿ ಮಂಡಿಗೆ ಯಾವ್ದು, ತಲೆಗೆ ಯಾವ್ದು ಹೇಳು ಮಗಾ’ ಎಂದಳು. ಹೇಳಲು ನನ್ನಿಂದಲೂ ಆಗಲಿಲ್ಲ. ಅವಸರದಲ್ಲಿ ಕತ್ತರಿ ಹೇಗೆ ಬೇಕಾದರೂ ಆಡಿಸುವುದು ನಮ್ಮ ಕಸುಬಿನವರ ಕೆಟ್ಟ ಚಾಳಿ. ಈಗ ಎರಡೇ ಮಾತ್ರೆ ಕೊಟ್ಟರೂ ಲಕೋಟೆಯ ಮೇಲೆ ಹೆಸರು, ಪ್ರಮಾಣ, ಕೊನೆಯ ದಿನಾಂಕ ಬರೆದು ಕೊಡುತ್ತೇನೆ. ಓದು ಬಾರದವರಿಗೆ ಸೂರ್ಯ, ಚಂದ್ರ ಬರೆಯುತ್ತೇನೆ.

‘ಡೋಸ್’ ಅಥವಾ ‘ಸೆಟ್’ ಎಂದು ಕಾಗದದ ಪೊಟ್ಟಣದಲ್ಲಿ ಬಿಡಿ ಮಾತ್ರೆ ಕೊಡುವ ರೂಢಿ ಇನ್ನೂ ಅಪಾಯದ್ದು. ಹಳದಿ ಒಂದು, ಬಿಳಿ ಒಂದು, ಸಾಸಿವೆಯಷ್ಟು ಚಿಕ್ಕದೊಂದು. ಆ ಚಿಕ್ಕದು ಎಷ್ಟೋ ಸಲ ಡೆಕ್ಸಾಮೆಥಾಸೋನ್‌ನಂಥ ಸ್ಟೀರಾಯ್ಡ್ ಆಗಿರುತ್ತದೆ. ಗಂಟುನೋವಿಗೆ ಸಂತೆಯಲ್ಲಿ ಸಿಗುವ ಹೆಸರಿಲ್ಲದ ಪುಡಿಗಳಲ್ಲೂ ಇದನ್ನು ಬೆರೆಸುವುದುಂಟು. ಮಾರನೆಯ ದಿನವೇ ಜನ ಎದ್ದು ಓಡಾಡುತ್ತಾರೆ. ಕೊಟ್ಟವನ ಕೈಗುಣ ಹೊಗಳುತ್ತಾರೆ. ತಿಂಗಳುಗಟ್ಟಲೆ ನುಂಗಿದರೆ ಮುಖ ಚಂದ್ರನ ಹಾಗೆ ದುಂಡಗಾಗುತ್ತದೆ, ಶುಗರ್ ಏರುತ್ತದೆ, ಮೂಳೆ ಟೊಳ್ಳಾಗುತ್ತದೆ. ತಟ್ಟನೆ ಬಿಡುವುದೂ ಅಪಾಯ. ಡಾಕ್ಟರು ಹೇಳಿದಂತೆ ಇಳಿಸುತ್ತಾ ಬಿಡಬೇಕು. ಹೆಸರು ಗೊತ್ತಿಲ್ಲದ ಮಾತ್ರೆ ಬಾಯಿಗೆ ಹಾಕಬೇಡಿ ಎಂಬುದು ನನ್ನ ಕಡೆಯಿಂದ ಒಂದೇ ವಾಕ್ಯದ ಪಾಠ.

6. ಮಗುವಿನ ಔಷಧಿಗೆ ವಯಸ್ಸಲ್ಲ, ತೂಕ, ಚಮಚವಲ್ಲ, ಅಳತೆ

ಪ್ಯಾರಸಿಟಮಾಲ್ ಮಕ್ಕಳಿಗೆ ಒಂದು ಸಲಕ್ಕೆ ಕಿಲೋ ತೂಕಕ್ಕೆ 10ರಿಂದ 15 ಮಿಲಿಗ್ರಾಂ. ಹತ್ತು ಕಿಲೋ ಮಗುವಿಗೆ 100ರಿಂದ 150. ತೊಡಕಿರುವುದು ಬಾಟಲಿಯಲ್ಲಿ. ಡ್ರಾಪ್ಸ್‌ನ ಒಂದು ಮಿಲಿಲೀಟರಿನಲ್ಲೇ ಸಾಮಾನ್ಯವಾಗಿ 100 ಮಿಲಿಗ್ರಾಂ ಇರುತ್ತದೆ. ಸಿರಪ್ಪಿನಲ್ಲಿ ಐದು ಮಿಲಿಲೀಟರಿಗೆ 125 ಇರುವುದೂ ಉಂಟು, 250 ಇರುವುದೂ ಉಂಟು. ಸಿರಪ್ ಎಂದುಕೊಂಡು ಐದು ಮಿಲಿಲೀಟರ್ ಡ್ರಾಪ್ಸ್ ಕುಡಿಸಿದರೆ ದೊಡ್ಡವರ ಒಂದು ಮಾತ್ರೆ ಕೂಸಿನ ಹೊಟ್ಟೆಗೆ ಹೋದಂತೆ. ಅಣ್ಣನಿಗೆ ತಂದ ಬಾಟಲಿಯನ್ನು ತಂಗಿಗೆ ಕುಡಿಸುವ ಮನೆಗಳಲ್ಲಿ ಈ ತಪ್ಪು ಸುಲಭವಾಗಿ ನಡೆಯುತ್ತದೆ. ಅಡುಗೆಮನೆಯ ಚಮಚ ಬೇಡ, ಬಾಟಲಿಯ ಜೊತೆ ಬರುವ ಮುಚ್ಚಳದ ಅಳತೆಯನ್ನೇ ಬಳಸಿ ಎಂದು ಬಾಟಲಿ ಬಿಚ್ಚಿ ಗೆರೆ ತೋರಿಸಿ ಕಳಿಸುತ್ತೇನೆ.

ಆಸ್ಪಿರಿನ್ ಜ್ವರದ ಮಕ್ಕಳಿಗೆ ಕೂಡದು; ಮೆದುಳಿಗೂ ಲಿವರಿಗೂ ಹಾನಿ ಮಾಡುವ ರೈ ಸಿಂಡ್ರೋಮ್ ಬರಬಹುದು. ನಿಮೆಸುಲೈಡನ್ನು ಹನ್ನೆರಡು ವರ್ಷದೊಳಗಿನವರಿಗೆ ಕೊಡುವುದನ್ನು ನಮ್ಮ ದೇಶದಲ್ಲಿ 2011ರಲ್ಲೇ ನಿಷೇಧಿಸಿದ್ದಾರೆ.

7. ಮಳೆಗಾಲದ ಮೈಕೈ ನೋವನ್ನು ನಂಬಬಾರದು

ಮುಂಗಾರು ಹಿಡಿದ ಮೇಲೆ ಬರುವ ‘ಮೈಕೈ ನೋವು’ ಬೇಸಿಗೆಯ ಕೂಲಿ ನೋವಲ್ಲ. ಹಣೆ ಮುಟ್ಟಿ ನೋಡಿದರೆ ಸುಡುತ್ತಿರುತ್ತದೆ, ಕಣ್ಣಿನ ಹಿಂದೆ ಸಿಡಿತ ಎನ್ನುತ್ತಾರೆ. ಡೆಂಗಿ ಇರಬಹುದು ಎಂಬ ಅನುಮಾನ ಹೋಗುವವರೆಗೆ ಎರಡನೇ ಕುಲದ ಯಾವ ಮಾತ್ರೆಯೂ ಬೇಡ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಇವೆಲ್ಲ ಪ್ಲೇಟ್‌ಲೆಟ್ಟಿನ ಕೆಲಸ ಕೆಡಿಸಿ ರಕ್ತಸ್ರಾವಕ್ಕೆ ದಾರಿ ಮಾಡುತ್ತವೆ. ಪ್ಯಾರಸಿಟಮಾಲ್, ನೀರು, ಗಂಜಿ, ರಕ್ತಪರೀಕ್ಷೆ. ಜ್ವರ ಬಿಟ್ಟ ದಿನ ಗೆದ್ದೆವು ಎಂದುಕೊಳ್ಳಬಾರದು. ಡೆಂಗಿಯಲ್ಲಿ ಅಪಾಯದ ಹೊತ್ತು ಶುರುವಾಗುವುದೇ ಆಗ. ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ ಕಂಡರೆ ಕೂಡಲೇ ಆಸ್ಪತ್ರೆ.

8. ತಲೆನೋವಿನ ಮಾತ್ರೆಯೇ ತಲೆನೋವಾಗುತ್ತದೆ

ಟೈಲರಿಂಗ್ ಮಾಡುವ ಒಬ್ಬ ಹೆಣ್ಣುಮಗಳು ವಾರಕ್ಕೊಂದು ಶೀಟ್ ಒಯ್ಯುತ್ತಿದ್ದಳು. ‘ಬೆಳಿಗ್ಗೆ ಏಳ್ತಿದ್ದ ಹಾಗೇ ತಲೆ ಭಾರ ಅಣ್ಣ, ಒಂದು ನುಂಗಿದ್ರೇನೇ ಮೆಷಿನ್ ಮುಂದೆ ಕೂರೋಕಾಗೋದು.’ ಕ್ಯಾಲೆಂಡರ್ ಕೊಟ್ಟು, ಮಾತ್ರೆ ನುಂಗಿದ ದಿನಕ್ಕೆಲ್ಲ ಸುತ್ತು ಹಾಕಮ್ಮ ಎಂದೆ. ತಿಂಗಳಾದ ಮೇಲೆ ತಂದಳು: ಇಪ್ಪತ್ತೆರಡು ಸುತ್ತು.

ಸಾದಾ ನೋವಿನ ಮಾತ್ರೆಯನ್ನು ತಿಂಗಳಿಗೆ 15 ದಿನ ಅಥವಾ ಹೆಚ್ಚು, ಹಲವು ಔಷಧ ಬೆರೆತ ಮಾತ್ರೆಯನ್ನು 10 ದಿನ ಅಥವಾ ಹೆಚ್ಚು, ಮೂರು ತಿಂಗಳು ಮೀರಿ ನುಂಗಿದರೆ ಮಾತ್ರೆಯಿಂದಲೇ ತಲೆನೋವು ಹುಟ್ಟುತ್ತದೆ. ನುಂಗಿದರೆ ಹೋಗುತ್ತದೆ, ಇಳಿದರೆ ಬರುತ್ತದೆ, ಮತ್ತೆ ನುಂಗಬೇಕು. ಗಾಣಕ್ಕೆ ಕಟ್ಟಿದ ಎತ್ತಿನ ಸುತ್ತು. ಅವಳು ಡಾಕ್ಟರ ಸಲಹೆಯಲ್ಲಿ ಮಾತ್ರೆ ಬಿಟ್ಟ ಮೊದಲ ವಾರ ನರಕ ಕಂಡಳು. ಆಮೇಲೆ ಕಣ್ಣು ಪರೀಕ್ಷೆ ಮಾಡಿಸಿ ಕನ್ನಡಕ ಹಾಕಿದಳು, ದೀಪವನ್ನು ಹಿಂದಿನಿಂದ ಎಡಪಕ್ಕಕ್ಕೆ ಹಾಕಿಸಿಕೊಂಡಳು. ಒಳ್ಳೆ ಗಿರಾಕಿಯೊಬ್ಬಳನ್ನು ಕಳೆದುಕೊಂಡೆ. ವ್ಯಾಪಾರದಲ್ಲಿ ಅಂಥ ನಷ್ಟವೂ ಇರಬೇಕು.

9. ಮುಟ್ಟಿನ ನೋವಿನ ಮಾತ್ರೆಯನ್ನು ಪಿಸುಮಾತಿನಲ್ಲಿ ಕೇಳಬೇಕಿಲ್ಲ

ಕಾಲೇಜು ಹುಡುಗಿಯರು ಗಂಡಸರೆಲ್ಲ ಹೋಗುವವರೆಗೆ ಕಾದು, ಮೊಬೈಲಿನಲ್ಲಿ ಹೆಸರು ತೋರಿಸುತ್ತಾರೆ. ಅದಕ್ಕೇ ಅಂಗಡಿಯಲ್ಲಿ ನನ್ನ ಹೆಂಡತಿಯೂ ಸಂಜೆ ಎರಡು ಗಂಟೆ ಕೂರುತ್ತಾಳೆ. ಅವಳು ಹೇಳುವ ಮಾತು: ನೋವು ಶುರುವಾಗುತ್ತಿದ್ದ ಹಾಗೆ ನುಂಗು, ಒದ್ದಾಡಿ ಸಾಕಾದ ಮೇಲಲ್ಲ. ಇದಕ್ಕೂ ಕಾರಣ ಪ್ರೊಸ್ಟಗ್ಲಾಂಡಿನ್ನೇ. ಗರ್ಭಕೋಶ ಹಿಂಡುವುದು ಅದರಿಂದ. ತಯಾರಾಗುವ ಮೊದಲೇ ತಡೆದರೆ ಎರಡು ಮೂರು ದಿನದಲ್ಲಿ ಮುಗಿಯುತ್ತದೆ. ಬಿಸಿನೀರಿನ ಚೀಲವೂ ನೆರವಾಗುತ್ತದೆ.

ಮೆಫೆನಾಮಿಕ್ ಆಸಿಡ್ ಅಪರೂಪಕ್ಕೆ ಮೈಯೆಲ್ಲ ಗಂಧೆ, ಜ್ವರ, ಒಳಅಂಗಗಳಿಗೆ ತೊಂದರೆ ತರುವ ತೀವ್ರ ಅಲರ್ಜಿಗೆ ಕಾರಣವಾಗುತ್ತದೆ ಎಂದು ಭಾರತೀಯ ಫಾರ್ಮಕೋಪಿಯ ಆಯೋಗ 2023ರಲ್ಲಿ ಎಚ್ಚರಿಸಿತು. ಹೆದರಿ ಬಿಡಬೇಕಿಲ್ಲ, ಗಂಧೆ ಎದ್ದರೆ ನಿಲ್ಲಿಸಿ ತೋರಿಸಬೇಕು. ತಿಂಗಳು ತಿಂಗಳೂ ಕ್ಲಾಸು ತಪ್ಪಿಸುವಷ್ಟು ನೋವಿದ್ದರೆ ಮಾತ್ರೆ ಬದಲಿಸುವುದಲ್ಲ, ಸ್ತ್ರೀರೋಗ ತಜ್ಞರನ್ನು ನೋಡುವುದು ದಾರಿ. ಬಸುರಿಯರಿಗಂತೂ ಈ ಕುಲದ ಮಾತ್ರೆಯನ್ನು ಡಾಕ್ಟರು ಹೇಳದೆ ಮುಟ್ಟಿಸಲೇ ಬಾರದು. ಐದನೇ ತಿಂಗಳ ನಂತರ ಅದು ಮಗುವಿನ ಕಿಡ್ನಿಗೂ ಹೃದಯದ ರಕ್ತನಾಳಕ್ಕೂ ತೊಂದರೆ ಮಾಡಬಹುದು.

10. ಹಚ್ಚುವ ಔಷಧಿ ಕೀಳಲ್ಲ. ದನದ ಔಷಧಿ ಬೇರೆ

ಮುಲಾಮು ಎಂದರೆ ಜನಕ್ಕೆ ತಾತ್ಸಾರ. ಆದರೆ ಮಂಡಿ, ಕೈಬೆರಳಿನ ಸಂದುನೋವಿಗೆ ಡೈಕ್ಲೋಫೆನಾಕ್ ಜೆಲ್ ಹಚ್ಚಿದರೆ ರಕ್ತಕ್ಕೆ ಸೇರುವುದು ಮಾತ್ರೆಯಿಂದ ಸೇರುವುದರ ಅಲ್ಪ ಪಾಲು. ವಯಸ್ಸಾದವರಿಗೆ ಮೊದಲು ಅದನ್ನೇ ಹೇಳುತ್ತೇನೆ. ಒಂದು ದಿನ ಹಚ್ಚಿ ಕೈಬಿಡದೆ, ಎರಡು ವಾರ ದಿನಕ್ಕೆ ಮೂರು ಸಲ ಹಚ್ಚಿ ನೋಡಬೇಕು. ಬಾಮು 1893ರ ಅಮೃತಾಂಜನದ ಕಾಲದಿಂದ ನಮ್ಮ ಮನೆಗಳಲ್ಲಿದೆ. ತಣ್ಣಗೂ ಬೆಚ್ಚಗೂ ಅನ್ನಿಸಿ ನೋವಿನಿಂದ ಗಮನ ತಪ್ಪಿಸುತ್ತದೆ, ಅದೂ ಒಂದು ಉಪಕಾರವೇ. ಕರ್ಪೂರ ಇರುವ ಬಾಮನ್ನು ಹಸುಗೂಸಿನ ಮೂಗಿಗೆ ಮಾತ್ರ ಹಚ್ಚಬಾರದು.

ಇನ್ನು ಕೆಲವರು ಮನುಷ್ಯರ ಡೈಕ್ಲೋಫೆನಾಕ್ ಇಂಜೆಕ್ಷನ್ನನ್ನು ಹಸುವಿನ ಕೆಚ್ಚಲು ಬಾವಿಗೆ ಕೇಳುತ್ತಾರೆ. ಕೊಡುವುದಿಲ್ಲ. ಆ ಔಷಧ ಮೈಯಲ್ಲಿರುವಾಗ ಸತ್ತ ದನವನ್ನು ತಿಂದ ರಣಹದ್ದಿನ ಕಿಡ್ನಿ ಕೆಟ್ಟು ಸಾಯುತ್ತದೆ ಎಂಬುದು 2004ರಲ್ಲಿ ಪತ್ತೆಯಾಯಿತು. ಅಷ್ಟರಲ್ಲಿ ದೇಶದ ಆಕಾಶ ಬಹುಪಾಲು ಖಾಲಿಯಾಗಿತ್ತು. ದನಗಳಿಗೆ ಅದನ್ನು 2006ರಲ್ಲಿ ನಿಷೇಧಿಸಿದರು. ಮನುಷ್ಯರದು ದನಕ್ಕೆ ಹೋಗುತ್ತಲೇ ಇದ್ದುದರಿಂದ 2015ರಲ್ಲಿ ದೊಡ್ಡ ಬಾಟಲಿ ನಿಲ್ಲಿಸಿ 3 ಮಿಲಿಲೀಟರಿಗೆ ಇಳಿಸಿದರು. ನಮ್ಮಲ್ಲಿ ಉಳಿದ ಕೆಲವೇ ಹದ್ದುಗಳಿಗಾಗಿ ರಾಮನಗರದ ರಾಮದೇವರ ಬೆಟ್ಟವನ್ನು ರಣಹದ್ದು ಧಾಮ ಮಾಡಿದ್ದಾರೆ. ದನಕ್ಕಾದರೆ ಮೆಲಾಕ್ಸಿಕಾಮ್ ಇದೆ, ಪಶುವೈದ್ಯರನ್ನು ಕೇಳಿ ಎನ್ನುತ್ತೇನೆ. ಯಾರ ಹೊಟ್ಟೆಗೆ ಎಂಬ ಪ್ರಶ್ನೆ ಹದ್ದಿನ ಹೊಟ್ಟೆಯವರೆಗೂ ಹೋಗುತ್ತದೆ ಎಂದು ನನಗೆ ಯಾವ ಕಾಲೇಜೂ ಹೇಳಿರಲಿಲ್ಲ.

11. ಕೆಲವು ನೋವಿಗೆ ನನ್ನ ಅಂಗಡಿಯಲ್ಲಿ ಮಾತ್ರೆ ಇಲ್ಲ

ಒಂದು ಬುಧವಾರ ಕೊಬ್ಬರಿ ಮಂಡಿಯ ಹಮಾಲಿ ಬಂದ. ‘ಗ್ಯಾಸ್ಟ್ರಿಕ್ ಆಗದೆ ಅಣ್ಣ, ಎಡ ಭುಜಕ್ಕೂ ಹಿಡ್ಕೊಂಡದೆ. ಗ್ಯಾಸ್ ಮಾತ್ರೆ ಒಂದು, ನೋವಿನ ಡೋಸ್ ಒಂದು.’ ಮೂಟೆ ಹೊರುವವನ ಭುಜ ನೋಯುವುದು ಹೊಸದೇನಲ್ಲ. ಆದರೆ ಫ್ಯಾನಿನ ಕೆಳಗೆ ನಿಂತೂ ಅವನ ಅಂಗಿ ಬೆವರಿಗೆ ಅಂಟಿತ್ತು, ನೋಟು ಹಿಡಿದ ಕೈ ತಣ್ಣಗಿತ್ತು. ಎಷ್ಟು ಹೊತ್ತಿನಿಂದ ಎಂದೆ. ಮುಕ್ಕಾಲು ಗಂಟೆ ಎಂದ. ಅವನನ್ನು ಕೂರಿಸಿ 108ಕ್ಕೆ ಫೋನ್ ಮಾಡಿದೆ. ‘ಒಂದು ಮಾತ್ರೆ ಕೊಡಿ ಅಂದ್ರೆ ಆಂಬುಲೆನ್ಸ್ ಕರೀತೀರಲ್ಲ’ ಎಂದು ಗೊಣಗುತ್ತಲೇ ಹತ್ತಿದ. ಅದು ಹೃದಯಾಘಾತವೇ ಆಗಿತ್ತು.

ಎದೆ ಹಿಂಡುವ ನೋವು, ಸಿಡಿಲು ಬಡಿದಂತೆ ಒಮ್ಮೆಲೇ ಬಂದ ತಲೆನೋವು, ಜ್ವರದ ಜೊತೆ ಕತ್ತು ಬಗ್ಗದಿರುವುದು, ಸೊಂಟನೋವಿನ ಜೊತೆ ಕಾಲು ಜೋಮು ಹಿಡಿದು ಮೂತ್ರ ನಿಲ್ಲುವುದು, ಹೊಟ್ಟೆಯ ಬಲ ಕೆಳಭಾಗದಲ್ಲಿ ಏರುತ್ತಾ ಹೋಗುವ ನೋವು: ಇವಕ್ಕೆ ನೋವಿನ ಮಾತ್ರೆ ಕೊಟ್ಟು ಕಳಿಸಿದರೆ ಕೂಗುತ್ತಿರುವ ನಾಯಿಯ ಬಾಯಿ ಕಟ್ಟಿ ಕಳ್ಳನಿಗೆ ಬಾಗಿಲು ತೆರೆದಂತೆ.

ನಾಲ್ಕು ತಿಂಗಳಾದ ಮೇಲೆ ಅದೇ ಹಮಾಲಿ ಬಂದ. ಮೂಟೆ ಹೊರುವುದು ಬಿಟ್ಟು ಮಂಡಿಯಲ್ಲಿ ತೂಕದ ಕೆಲಸಕ್ಕೆ ನಿಂತಿದ್ದ. ಇಪ್ಪತ್ತರ ನೋಟು ಗಾಜಿನ ಮೇಲಿಟ್ಟ. ನಾನು ಬಾಯಿ ತೆರೆಯುವ ಮೊದಲೇ ಅವನೇ ಶುರು ಮಾಡಿದ: ‘ನೋವು ನನಗೇ. ನಿನ್ನೆ ಸಂಜೆಯಿಂದ, ತಲೆನೋವು, ಎದೆಯಲ್ಲಿ ಏನೂ ಇಲ್ಲ. ಬಿಪಿದು, ರಕ್ತ ತೆಳು ಮಾಡೋದು, ಕೊಬ್ಬಿಂದು ನಡೀತಾ ಅದೆ. ಈಗ ಹೇಳಿ, ಯಾವ್ದು ಕೊಡ್ತೀರ?’

ಪ್ಯಾರಸಿಟಮಾಲ್ 500, ಎರಡು ಮಾತ್ರೆ ಕೊಟ್ಟೆ. ಹೆಸರಿರುವ ತುದಿಯನ್ನು ಉಳಿಸಿಯೇ ಕತ್ತರಿಸಿದೆ.